ಇಕ್ಕಟ್ಟು ಬೇರೆ, ಕಟ್ಟು ಬೇರೆ

ಸಂಸ್ಥೆಗಳ ಕಾರ್ಯದಕ್ಷತೆ ಹೆಚ್ಚಿಸುವುದು ಹೇಗೆ ಎಂಬ ಎರಡು ದಿನಗಳ ಕಾರ್ಯಾಗಾರವೊಂದಕ್ಕೆ ಈಚೆಗೆ ಹೋಗಿದ್ದೆ. ಸಂಪನ್ಮೂಲ ವ್ಯಕ್ತಿಯೊಬ್ಬರು ಪರದೆಯ ಮೇಲೆ ಸೀಸೆಯ ಚಿತ್ರವೊಂದನ್ನು ತೋರಿಸಿದರು. ಅದರ ಕತ್ತಿನತ್ತ ಒಂದು ಕೆಂಪು ಬಾಣ. 'ಇದು ಬಾಟಲ್‌ನೆಕ್. ಇದನ್ನೇ ಕನ್‌ಸ್ಟ್ರೈಂಟ್ ಅಂತಲೂ ಕರೀತಾರೆ. ಎರಡೂ ಒಂದೇ' ಎಂದರು. ನಾನು ಕೈ ಎತ್ತಿ, ಎರಡೂ ಒಂದೇ ಅಲ್ಲವಲ್ಲ ಸಾರ್ ಎಂದೆ. 'ಅದೆಲ್ಲ ಪರಿಭಾಷೆಯ ಜಗಳ, ಸ್ವಲ್ಪ ಪ್ರಾಕ್ಟಿಕಲ್ ಆಗಿ ಯೋಚನೆ ಮಾಡ್ರಿ' ಎಂದು ನಕ್ಕರು. ಸಭೆಯೂ ನಕ್ಕಿತು. ಅಷ್ಟರಲ್ಲಿ ಊಟದ ಹೊತ್ತಾಯಿತು.

ನಾನು ಓದುತ್ತಿರುವುದು ಶಂಕರಘಟ್ಟದಲ್ಲಿ. ಇಲ್ಲಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸು ಭದ್ರಾವತಿಯನ್ನು ಹಾದು ಹೋಗುತ್ತದೆ. ಒಂದೇ ಊರಿನಲ್ಲಿ ಎರಡು ದೊಡ್ಡ ಕಾರ್ಖಾನೆಗಳು. ಒಂದು 2015ರಲ್ಲಿ ಕಾಗದ ಮಾಡುವುದನ್ನು ನಿಲ್ಲಿಸಿತು. ಇನ್ನೊಂದನ್ನು ಅದರ ನೂರನೆಯ ವರ್ಷದಲ್ಲೇ ಮುಚ್ಚುವ ತೀರ್ಮಾನವಾಯಿತು. ಈ ದಾರಿಯಲ್ಲಿ ವಾರಕ್ಕೆ ಎರಡು ಸಲ ಓಡಾಡುವವರಿಗೆ ಆ ಎರಡು ಪದಗಳ ವ್ಯತ್ಯಾಸ ಬರೀ ಪರಿಭಾಷೆಯ ಜಗಳವಾಗಿ ಕಾಣುವುದಿಲ್ಲ. ಊಟದ ಹೊತ್ತಾದ್ದರಿಂದ ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಪದಗಳ ವಿಷಯ. ನಮ್ಮಲ್ಲಿ ಈ ಎರಡಕ್ಕೂ 'ಅಡಚಣೆ' ಎಂದುಬಿಡುವ ರೂಢಿಯಿದೆ. ಅಲ್ಲಿಗೇ ಅರ್ಧ ಕೆಟ್ಟಿತು. ನಾನು ಬಾಟಲ್‌ನೆಕ್ಕಿಗೆ 'ಇಕ್ಕಟ್ಟು' ಎನ್ನುತ್ತೇನೆ, ಕನ್‌ಸ್ಟ್ರೈಂಟಿಗೆ 'ಕಟ್ಟು'. ಇಕ್ಕಟ್ಟು ಎಂದರೆ ಒಂದು ಜಾಗ. ಅಲ್ಲಿ ದಾರಿ ಕಿರಿದು, ಬರುವವರು ಜಾಸ್ತಿ, ಹಾಗಾಗಿ ನೂಕುನುಗ್ಗಲು. ಕಟ್ಟು ಜಾಗವೇ ಆಗಬೇಕೆಂದಿಲ್ಲ. ದನ ಕಟ್ಟಿದ ಹಗ್ಗವೂ ಕಟ್ಟು, ಊರಿನ ಕಟ್ಟುಪಾಡೂ ಕಟ್ಟು. ಕಟ್ಟುಪಾಡನ್ನು ಯಾರೂ ಕಣ್ಣಿನಿಂದ ನೋಡಿಲ್ಲ, ಆದರೂ ಅದನ್ನು ದಾಟಿ ಹೋಗುವುದು ಕಷ್ಟ.

ಇನ್ನು ಅಡಿಕೆಯ ಮಾತಿಗೆ ಬರೋಣ. ಈ ಸೀಮೆಯ ಓದುಗರಿಗೆ ಅಡಿಕೆಯಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಸುಗ್ಗಿಯಲ್ಲಿ ಕೊನೆಗಾರ ಮರ ಹತ್ತಿ ದಿನಕ್ಕೆ 12 ಕ್ವಿಂಟಲ್ ಹಸಿ ಅಡಿಕೆ ಇಳಿಸುತ್ತಾನೆ ಎಂದಿಟ್ಟುಕೊಳ್ಳಿ. ಸುಲಿಯುವವರ ಕೈಯಲ್ಲಿ ದಿನಕ್ಕೆ 8 ಕ್ವಿಂಟಲ್ ಮಾತ್ರ ಆಗುತ್ತದೆ. ಹಂಡೆಯಲ್ಲಿ 10 ಕ್ವಿಂಟಲ್‌ನದ್ದು ಬೇಯುತ್ತದೆ. ಒಣಹಾಕಲು ಅಂಗಳದಲ್ಲಿರುವ ಜಾಗ 6 ಕ್ವಿಂಟಲ್‌ನದ್ದಕ್ಕೆ ಮಾತ್ರ. ಈ ಅಂಕಿಗಳು ಲೆಕ್ಕಕ್ಕಾಗಿ ನಾನೇ ಹಾಕಿಕೊಂಡವು, ಆದರೆ ಸುಗ್ಗಿ ಮಾಡಿದ ಯಾವ ಮನೆಯವರಿಗೂ ಇದು ಅಪರಿಚಿತ ಚಿತ್ರವಲ್ಲ. ದಿನಕ್ಕೆ 12 ಕ್ವಿಂಟಲ್ ಮುಗಿಸಬೇಕೆಂದರೆ ಸುಲಿತ, ಬೇಯಿಸುವುದು, ಒಣಗಿಸುವುದು ಮೂರೂ ಸಾಲದು. ಅಂದರೆ ಇಲ್ಲಿ ಮೂರು ಇಕ್ಕಟ್ಟುಗಳಿವೆ. ಕಟ್ಟು ಮಾತ್ರ ಒಂದೇ, ಅಂಗಳ. ಇಡೀ ಮನೆ ಎಷ್ಟೇ ಬೆವರಿದರೂ ದಿನಕ್ಕೆ 6 ಕ್ವಿಂಟಲ್‌ಗಿಂತ ಹೆಚ್ಚು ಒಣಗುವುದಿಲ್ಲ.

ಆದರೆ ಅಂಗಳಕ್ಕೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವುದು ಸುಲಿಯದ ಅಡಿಕೆಯ ರಾಶಿ. ಕೂಲಿಯೂ ಅಲ್ಲೇ ಜಾಸ್ತಿ. 'ಸುಲಿತದ್ದೇ ತೊಂದರೆ, ಮಷೀನ್ ತಗೊಳ್ಳಿ' ಎನ್ನುತ್ತಾರೆ. ಸಾಲ ಮಾಡಿ ಮಷೀನು ತಂದದ್ದಾಯಿತು. ಈಗ ದಿನಕ್ಕೆ 20 ಕ್ವಿಂಟಲ್ ಸುಲಿಯಬಹುದು. ಏನಾಯಿತು ನೋಡಿ. 12 ಕ್ವಿಂಟಲ್ ಸುಲಿದು ಬಿತ್ತು, 10 ಬೆಂದಿತು, ಒಣಗಿದ್ದು ಅದೇ 6. ಮೊದಲು ದಿನಕ್ಕೆ 4 ಕ್ವಿಂಟಲ್ ಸಿಪ್ಪೆಯೊಳಗೇ ಉಳಿಯುತ್ತಿತ್ತು. ಸಿಪ್ಪೆಯೊಳಗಿನ ಅಡಿಕೆ ನಾಲ್ಕು ದಿನ ಕಾಯುತ್ತದೆ. ಬೆಂದು ಒಣಗದೆ ಉಳಿಯುತ್ತಿದ್ದದ್ದು 2 ಕ್ವಿಂಟಲ್. ಈಗ ಬೆಂದು ಒದ್ದೆಯಾಗಿ ಕೂತದ್ದು 4, ಸುಲಿದು ಹಂಡೆಗೆ ಕಾಯುತ್ತಿರುವುದು 2. ಇವೆರಡೂ ಕಾಯುವ ಸರಕಲ್ಲ, ಬೂಸಲು ಹಿಡಿಯುತ್ತವೆ. ಇಕ್ಕಟ್ಟನ್ನು ಅಗಲ ಮಾಡಿದ್ದು ನಿಜ. ಆದರೆ ಬಂದದ್ದು ಸಾಲ, ಬೂಸಲು, ಮತ್ತು ಕೆಲಸ ಹೋದ ನಾಲ್ಕು ಹೆಂಗಸರ ಮುನಿಸು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಮಷೀನು, ಹಂಡೆ, ಅಂಗಳ ಎಲ್ಲವೂ ದಿನಕ್ಕೆ 15 ಕ್ವಿಂಟಲ್ ತಾಳುವಷ್ಟಾಯಿತು ಎನ್ನಿ. ಈಗ ಎಲ್ಲಿಯೂ ಇಕ್ಕಟ್ಟಿಲ್ಲ. ಅಷ್ಟರಲ್ಲಿ ಧಾರಣೆ ಕುಸಿಯಿತು, ಮಂಡಿಗೆ ಒಯ್ದರೆ ಕೂಲಿ ಹುಟ್ಟುವುದಿಲ್ಲ, ಒಣ ಅಡಿಕೆ ಚೀಲದಲ್ಲೇ ಉಳಿಯಿತು. ಈಗಲೂ ಕಟ್ಟು ಇದೆ. ಆದರೆ ಅದು ನಿಮ್ಮ ಅಂಗಳದ ಯಾವ ಮೂಲೆಯಲ್ಲೂ ಇಲ್ಲ. ಇಕ್ಕಟ್ಟುಗಳೆಲ್ಲ ಕಟ್ಟಲ್ಲ, ಕಟ್ಟುಗಳೆಲ್ಲ ಇಕ್ಕಟ್ಟಲ್ಲ. ನಾನು ಕಾರ್ಯಾಗಾರದಲ್ಲಿ ಹೇಳಹೊರಟದ್ದು ಇಷ್ಟೇ.

ಇದು ನನ್ನ ಹೊಸ ಶೋಧವೇನಲ್ಲ. ಇಸ್ರೇಲಿನ ಎಲಿಯಾಹು ಗೋಲ್ಡ್‌ರಾಟ್ ಭೌತಶಾಸ್ತ್ರ ಓದಿದವರು. 1984ರಲ್ಲಿ ಜೆಫ್ ಕಾಕ್ಸ್ ಜೊತೆಗೂಡಿ 'ದಿ ಗೋಲ್' ಎಂಬ ಕಾದಂಬರಿಯನ್ನೇ ಬರೆದು ಕಾರ್ಖಾನೆಯ ಕತೆ ಹೇಳಿದರು. ಆಮೇಲೆ ಅದು 'ಥಿಯರಿ ಆಫ್ ಕನ್‌ಸ್ಟ್ರೈಂಟ್ಸ್' ಎಂದು ಬೆಳೆಯಿತು. ಆ ಸಿದ್ಧಾಂತದಲ್ಲಿ ಐದು ಹೆಜ್ಜೆಗಳಿವೆ. ಕಟ್ಟು ಯಾವುದೆಂದು ಗುರುತಿಸು. ಇದ್ದದ್ದರಲ್ಲೇ ಅದರಿಂದ ಪೂರ್ತಿ ಕೆಲಸ ತೆಗೆ. ಉಳಿದೆಲ್ಲವನ್ನೂ ಅದರ ಹೆಜ್ಜೆಗೆ ಹೊಂದಿಸು. ಆಗಲೂ ಸಾಲದಿದ್ದರೆ ಮಾತ್ರ ಹಣ ಹಾಕಿ ಅದನ್ನು ಹಿಗ್ಗಿಸು. ಕಟ್ಟು ಬಿಚ್ಚಿತೋ, ಮತ್ತೆ ಮೊದಲಿನಿಂದ ಶುರುಮಾಡು, ಏಕೆಂದರೆ ಈಗ ಅದು ಬೇರೆಲ್ಲೋ ಹೋಗಿದೆ. ಹಣ ಹಾಕುವುದು ನಾಲ್ಕನೆಯ ಹೆಜ್ಜೆ ಎಂಬುದನ್ನು ಗಮನಿಸಿ. ನಮ್ಮ ಸಲಹೆಗಾರರು ಅಲ್ಲಿಂದಲೇ ಶುರುಮಾಡುತ್ತಾರೆ. ಐದನೆಯ ಹೆಜ್ಜೆಯ ಜೊತೆಗೊಂದು ಎಚ್ಚರಿಕೆಯೂ ಇದೆ. ಜಡತ್ವವೇ ಹೊಸ ಕಟ್ಟಾಗದಂತೆ ನೋಡಿಕೋ ಎಂದು. ಅದನ್ನಂತೂ ಎಲ್ಲರೂ ಮರೆಯುತ್ತಾರೆ.

ಈಗ ಭದ್ರಾವತಿಗೆ ಬರೋಣ.

ಮೈಸೂರು ಐರನ್ ವರ್ಕ್ಸ್ ಕಬ್ಬಿಣ ತಯಾರಿಸಲು ಶುರುಮಾಡಿದ್ದು 1923ರ ಜನವರಿಯಲ್ಲಿ. ಅದಿರು ಕೆಮ್ಮಣ್ಣುಗುಂಡಿಯಿಂದ, ನೀರು ಭದ್ರೆಯಿಂದ, ಇದ್ದಿಲು ಮಲೆನಾಡಿನ ಕಾಡಿನಿಂದ. ಇಲ್ಲಿ ಕಲ್ಲಿದ್ದಲಿಲ್ಲ. ಆದ್ದರಿಂದ ಕಟ್ಟಿಗೆ ಸುಟ್ಟು ಇದ್ದಿಲು ಮಾಡಿ, ಅದರಿಂದ ಕಬ್ಬಿಣ ತೆಗೆದು ಹೊರದೇಶಕ್ಕೆ ಮಾರುವ ಯೋಜನೆ. ಕುಲುಮೆ ಉರಿಯಿತು, ಕಬ್ಬಿಣ ಹರಿಯಿತು, ಆದರೆ ಅಷ್ಟರಲ್ಲಿ ಮೊದಲ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ನೆಲಕಚ್ಚಿತ್ತು. ಅಂದರೆ ಹುಟ್ಟಿದ ದಿನವೇ ಈ ಕಾರ್ಖಾನೆಯ ಕಟ್ಟು ಗೇಟಿನ ಹೊರಗಿತ್ತು. ಅದೇ ವರ್ಷ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದ ಎಂ. ವಿಶ್ವೇಶ್ವರಯ್ಯನವರು ಕುಲುಮೆಯನ್ನು ಇನ್ನಷ್ಟು ದೊಡ್ಡದು ಮಾಡಲು ಹೋಗಲಿಲ್ಲ. ಮಾಡಿದ್ದರೆ ಮಾರಾಟವಾಗದ ಕಬ್ಬಿಣದ ರಾಶಿ ಇನ್ನಷ್ಟು ಎತ್ತರವಾಗುತ್ತಿತ್ತು. ಖರ್ಚು ಇಳಿಸಿದರು, ಕಚ್ಚಾ ಕಬ್ಬಿಣವನ್ನು ಹಾಗೇ ಮಾರುವ ಬದಲು ಪೈಪಿನಂಥ ಸರಕು ಮಾಡುವ ದಾರಿ ಹಿಡಿಯಲಾಯಿತು. ಮುಂದೆ ಉಕ್ಕು ಬಂತು, ಸಿಮೆಂಟು ಬಂತು. ಕಟ್ಟು ಎಲ್ಲಿದೆಯೋ ಅಲ್ಲಿಗೆ ಕೈ ಹಾಕುವುದೆಂದರೆ ಇದು. 'ಸರ್ ಎಂವಿ ಕಟ್ಟಿದ ಕಾರ್ಖಾನೆ' ಎಂದು ಭಾಷಣ ಮಾಡುವವರು ಅವರು ಏನನ್ನು ಮಾಡಲಿಲ್ಲ ಎಂಬುದನ್ನೂ ಸ್ವಲ್ಪ ನೆನೆಯಬೇಕು.

ಆಮೇಲಿನ ಚರಿತ್ರೆಯನ್ನು ಕಟ್ಟು ಜಾಗ ಬದಲಾಯಿಸುತ್ತ ಹೋದ ಚರಿತ್ರೆಯೆಂದೇ ಓದಬಹುದು. ಕಾಡು ಎಷ್ಟು ದಿನ ಇದ್ದಿಲು ಕೊಟ್ಟೀತು? ಜೋಗದ ವಿದ್ಯುತ್ ಬಂದ ಮೇಲೆ ವಿದ್ಯುತ್ ಕುಲುಮೆಗಳು ಬಂದವು. ಆಗ ಕಟ್ಟು ಕಾಡಿನಿಂದ ಕರೆಂಟಿಗೆ ದಾಟಿತು. ಕರೆಂಟು ದುಬಾರಿಯಾಗಿ, ಸಾಲದೂ ಆದಾಗ, ಕೋಕ್ ಹೊರಗಿನಿಂದ ತರಿಸುವ ಕಾಲ ಬಂತು. ಈ ಶತಮಾನದ ಆರಂಭದಲ್ಲಿ ಕೆಮ್ಮಣ್ಣುಗುಂಡಿಯ ಗಣಿ ನಿಂತಿತು. ಅಲ್ಲಿಗೆ ಸ್ವಂತ ಅದಿರೂ ಇಲ್ಲ, ಸ್ವಂತ ಕೋಕೂ ಇಲ್ಲ. ಒಡೆತನವೂ ಬದಲಾಗುತ್ತ ಬಂತು. ಮೈಸೂರು ಸಂಸ್ಥಾನದ್ದಾಗಿದ್ದದ್ದು ರಾಜ್ಯದ್ದಾಯಿತು, 1962ರಲ್ಲಿ ಕೇಂದ್ರದ ಪಾಲೂ ಸೇರಿದ ಕಂಪನಿಯಾಯಿತು, 1989ರಲ್ಲಿ ಸೈಲ್‌ನ ಅಧೀನಕ್ಕೆ ಬಂತು, 1998ರಲ್ಲಿ ಅದರಲ್ಲಿ ವಿಲೀನವಾಯಿತು. ಪ್ರತಿ ಸಲವೂ ತೀರ್ಮಾನ ಮಾಡುವ ಮೇಜು ಭದ್ರಾ ದಂಡೆಯಿಂದ ಒಂದಷ್ಟು ದೂರ ಸರಿಯಿತು.

2016ರಲ್ಲಿ ಕೇಂದ್ರ ಸರ್ಕಾರ ಈ ಕಾರ್ಖಾನೆಯನ್ನು ಮಾರುವುದಕ್ಕೆ ತಾತ್ವಿಕ ಒಪ್ಪಿಗೆ ಕೊಟ್ಟಿತು. 2019ರ ಜುಲೈನಲ್ಲಿ ಕೊಳ್ಳಲು ಆಸಕ್ತಿ ಇರುವವರನ್ನು ಕರೆಯಿತು. 2022ರ ಅಕ್ಟೋಬರ್‌ನಲ್ಲಿ, ಬಂದವರಲ್ಲಿ ಮುಂದುವರಿಯುವ ಆಸಕ್ತಿ ಇಲ್ಲವೆಂದು ಆ ಪ್ರಕ್ರಿಯೆಯನ್ನೇ ರದ್ದುಮಾಡಿತು. 2023ರ ಜನವರಿಯಲ್ಲಿ ಸೈಲ್ ಮುಚ್ಚುವ ತೀರ್ಮಾನ ಮಾಡಿತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ಚಾಲೂ ಆಯಿತು. 2024ರ ಜೂನ್‌ನಲ್ಲಿ ಹೊಸ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿಯವರು ಬಂದು ನೋಡಿ ಭರವಸೆ ಕೊಟ್ಟು ಹೋದರು.

ಈ ಆರೇಳು ವರ್ಷ ಟೀವಿಯಲ್ಲಿ, ಚಹಾದಂಗಡಿಯಲ್ಲಿ, ನಮ್ಮ ಸೆಮಿನಾರ್ ಹಾಲ್‌ಗಳಲ್ಲಿ ಕೇಳಿಬಂದ ಮಾತು ಒಂದೇ ಜಾಡಿನದು. ಮಷೀನು ಹಳತು. ಕೆಲಸಗಾರರು ಜಾಸ್ತಿ, ಕೆಲಸ ಕಡಿಮೆ. ಯೂನಿಯನ್‌ಗಳದ್ದು ಅತಿಯಾಯಿತು. ಇವೆಲ್ಲವೂ ಇಕ್ಕಟ್ಟಿನ ಮಾತುಗಳು. ಇವುಗಳಲ್ಲಿ ಒಂದೂ ನಿಜವಲ್ಲ ಎಂದು ನಾನು ಹೇಳುತ್ತಿಲ್ಲ. ನೂರು ವರ್ಷದ ಕಾರ್ಖಾನೆಯಲ್ಲಿ ಹಳೆಯ ಮಷೀನು ಇದ್ದೇ ಇರುತ್ತದೆ. ನಾನು ಕೇಳುವುದು ಇಷ್ಟು. ನಾಳೆ ಬೆಳಿಗ್ಗೆ ಅಲ್ಲಿನ ಪ್ರತಿ ಮಷೀನೂ ಹೊಸದಾಗಿ, ಪ್ರತಿ ಕೆಲಸಗಾರನೂ ಎರಡಾಳಿನ ಕೆಲಸ ಮಾಡಿದರೆ, ಅದಿರು ಎಲ್ಲಿಂದ ಬರುತ್ತದೆ? ಬಾರ್ ಮಿಲ್ಲಿಗೆ ಹೊರಗಿನಿಂದ ಉಕ್ಕು ಬಂದರೆ ತಾನೇ ಅದನ್ನು ಉರುಳಿಸುವುದು? ಉತ್ತರ ಬದಲಾಗದಿದ್ದರೆ ನೀವು ತೋರಿಸುತ್ತಿರುವುದು ಕಟ್ಟಲ್ಲ, ಸುಲಿಯದ ಅಡಿಕೆಯ ರಾಶಿ.

ಮಾರಾಟದ ಆ ಆರು ವರ್ಷಗಳನ್ನೇ ನೋಡಿ. ಮಾರಬೇಕಾದ ಕಾರ್ಖಾನೆಗೆ ದೊಡ್ಡ ಬಂಡವಾಳ ಯಾರು ಹಾಕುತ್ತಾರೆ? ಬಂಡವಾಳ ಕಾಣದ ಕಾರ್ಖಾನೆಯನ್ನು ಯಾರು ಕೊಳ್ಳುತ್ತಾರೆ? ಒಂದು ತೀರ್ಮಾನ ತನ್ನ ಬಾಲವನ್ನು ತಾನೇ ಕಚ್ಚಿಕೊಂಡು ಆರು ವರ್ಷ ಸುತ್ತಿತು. ಆ ಅವಧಿಯ ಕಟ್ಟು ಅದೇ ತೀರ್ಮಾನ ಎಂಬುದು ನನ್ನ ವಾದ. ಅದನ್ನು ಯಾವ ಶಾಪಿನಲ್ಲೂ ಬೆರಳಿಟ್ಟು ತೋರಿಸಲಾಗುವುದಿಲ್ಲ, ಅದರ ಮುಂದೆ ಯಾವ ಸರಕಿನ ರಾಶಿಯೂ ಬಿದ್ದಿರುವುದಿಲ್ಲ. ಬದಲಿಗೆ ಎಲ್ಲವೂ ಸುಮ್ಮನೆ ನಿಂತಿರುತ್ತವೆ. ಸುಮ್ಮನೆ ನಿಂತ ಮಷೀನಿನ ಪಕ್ಕ ನಿಂತ ಕೆಲಸಗಾರ ಮಾತ್ರ ಕಾಣುತ್ತಾನೆ, ಬೈಗುಳ ಅವನ ಪಾಲಿಗೆ.

ಭದ್ರಾವತಿಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ನಮ್ಮ ದೊಡ್ಡಪ್ಪನಿಗೆ ಈ ಸಿದ್ಧಾಂತವನ್ನೆಲ್ಲ ಒಂದು ಸಂಜೆ ವಿವರಿಸಿದೆ. ಪೂರ್ತಿ ಕೇಳಿ ಹೇಳಿದರು: 'ಕ್ರೇನ್ ಕೆಟ್ರೆ ರಾತ್ರಿಯೆಲ್ಲ ಕೂತು ಸರಿ ಮಾಡ್ತಿದ್ವಿ ಕಣಪ್ಪ. ಮೇಲಿಂದ ಬರಬೇಕಾದ ಕಾಗದ ಬರ್ಲಿಲ್ಲ ಅಂದ್ರೆ ಯಾವ ಫಿಟ್ಟರ್‌ನ ಕರೆಯೋದು?' ಐದು ಹೆಜ್ಜೆಗಳಿಗಿಂತ ಇದು ಚೆನ್ನಾಗಿ ತಿಳಿಯುತ್ತದೆ.

ನಾನು ಹೀಗೆ ಸಲಹೆಗಾರರನ್ನು, ದೆಹಲಿಯನ್ನು ಬೈದು ಮುಗಿಸಿದರೆ ನಮ್ಮೂರಲ್ಲಿ ಚಪ್ಪಾಳೆ ಬೀಳುತ್ತದೆ. ಆದರೆ ಇಕ್ಕಟ್ಟನ್ನೇ ಕಟ್ಟೆಂದುಕೊಳ್ಳುವ ರೋಗ ನಮಗೂ ಇದೆ. ಅದಕ್ಕೆ ಊರಿನ ಇನ್ನೊಂದು ಕಾರ್ಖಾನೆಯೇ ಸಾಕ್ಷಿ.

ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾದದ್ದು 1936ರಲ್ಲಿ. ಕಾಗದಕ್ಕೆ ಮರ ಬೇಕು, ಮರವೇ ತೊಂದರೆ ಎಂದು 1980ರಲ್ಲಿ ಸುಮಾರು 30,000 ಹೆಕ್ಟೇರ್ ಅರಣ್ಯಭೂಮಿಯನ್ನು 40 ವರ್ಷದ ಗುತ್ತಿಗೆಗೆ ಕೊಡಲಾಯಿತು. ಮಲೆನಾಡಿನ ಗುಡ್ಡಗಳ ಮೇಲೆ ನೀಲಗಿರಿ ಬಂತು, ಅಕೇಶಿಯಾ ಬಂತು. ದನ ಮೇಯುತ್ತಿದ್ದ ಬ್ಯಾಣ, ಸೊಪ್ಪು ಕಡಿಯುತ್ತಿದ್ದ ಜಾಗ ನೆಡುತೋಪಾಯಿತು. 2015ರಲ್ಲಿ ಕಾರ್ಖಾನೆ ನಿಂತಿತು. ನಿಂತ ದಿನ ಗುಡ್ಡದ ಮೇಲೆ ಅಕೇಶಿಯಾ ನಿಂತೇ ಇತ್ತು. ಇದಕ್ಕಿಂತ ನೇರವಾದ ಪ್ರಯೋಗ ಬೇಕೆ? ಮರವೇ ಕಟ್ಟಾಗಿದ್ದರೆ, ಮರ ಇರುವಾಗ ಕಾರ್ಖಾನೆ ಓಡಬೇಕಿತ್ತು. ಮರ ಒಂದು ಕಾಲದ ಇಕ್ಕಟ್ಟಾಗಿತ್ತು, ಅದನ್ನು ಅಗಲ ಮಾಡಿದರು. ಕಟ್ಟು ಅಷ್ಟರಲ್ಲಿ ಬೇರೆಡೆಗೆ ಹೋಗಿತ್ತು.

ಇನ್ನೂ ವಿಚಿತ್ರವೆಂದರೆ, ಕಾರ್ಖಾನೆ ನಿಂತು ಐದು ವರ್ಷವಾದ ಮೇಲೆ, 2020ರಲ್ಲಿ, ಅವಧಿ ಮುಗಿದ ಆ ಗುತ್ತಿಗೆಯನ್ನು ಮತ್ತೆ 40 ವರ್ಷಕ್ಕೆ ಮುಂದುವರಿಸುವ ಆದೇಶವಾಯಿತು. ಉರಿಯದ ಒಲೆಗೆ ಸೌದೆ ಒಟ್ಟುವ ಕೆಲಸ. 'ನಮ್ಮೂರಿಗೆ ಅಕೇಶಿಯಾ ಮರ ಬೇಡ' ಎಂದು ಜನ ಎದ್ದರು. ಗೋಲ್ಡ್‌ರಾಟ್ ಎಚ್ಚರಿಸಿದ ಜಡತ್ವಕ್ಕೆ ಉದಾಹರಣೆ ಹುಡುಕಿಕೊಂಡು ಯಾವ ವಿದೇಶಿ ಪುಸ್ತಕಕ್ಕೂ ಹೋಗಬೇಕಿಲ್ಲ. ಅಡಿಕೆ ಮನೆಯಲ್ಲಿ ತಪ್ಪು ಜಾಗಕ್ಕೆ ಮಷೀನು ತಂದರೆ ಸಾಲ ತೀರಿಸುವವರು ಆ ಮನೆಯವರೇ. ಊರಿನ ಮಟ್ಟದಲ್ಲಿ ತಪ್ಪು ಇಕ್ಕಟ್ಟನ್ನು ಅಗಲ ಮಾಡಿದರೆ ಬೆಲೆ ತೆರುವವರು ಬೇರೆ. ಇಲ್ಲಿ ತೆತ್ತದ್ದು ಕಾಗದದ ಲೆಕ್ಕದಲ್ಲಿ ಎಲ್ಲೂ ಹೆಸರಿಲ್ಲದ, ದನ ಮೇಯಿಸುವವರು.

ಇಷ್ಟಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಮೊದಲನೆಯದು, ಬಹಳ ಸಲ ಇಕ್ಕಟ್ಟೇ ಕಟ್ಟಾಗಿರುತ್ತದಲ್ಲ ಎಂಬುದು. ಹೌದು, ಆಗಿರುತ್ತದೆ. 'ದಿ ಗೋಲ್' ಕಾದಂಬರಿಯ ಕಾರ್ಖಾನೆಯಲ್ಲಿ ಮೊದಲು ಸಿಕ್ಕಿಬೀಳುವುದು ಒಂದು ಯಂತ್ರ ಮತ್ತು ಒಂದು ಕುಲುಮೆಯೇ. ಕಟ್ಟು ಗೋಡೆಯೊಳಗೆ ಇದ್ದಾಗ, ಅದೂ ವಸ್ತುರೂಪದಲ್ಲಿದ್ದಾಗ, ಎರಡೂ ಒಂದೇ ಎಂದು ಕೆಲಸ ನಡೆಸಬಹುದು. ಆದರೆ ಅದೇ ಕಾದಂಬರಿಯಲ್ಲೂ ಅವನ್ನು ಸರಿಪಡಿಸಿದ ಮೇಲೆ ಕಟ್ಟು ಮಾರುಕಟ್ಟೆಯ ಕಡೆಗೆ ಸರಿಯುತ್ತದೆ. ಮೊದಲ ನೂರು ಪುಟ ಓದಿ ಪುಸ್ತಕ ಮುಚ್ಚಿಟ್ಟವರೇ ಸೀಸೆಯ ಚಿತ್ರ ತೋರಿಸುತ್ತ ತಿರುಗುವುದು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಕಟ್ಟನ್ನು ಪ್ರಾಮಾಣಿಕವಾಗಿ ಹುಡುಕಿದರೆ ನಿಮಗೆ ಬೇಡವಾದ ಉತ್ತರವೇ ಸಿಕ್ಕರೆ? ಗಣಿಯಿಲ್ಲದ, ಕೋಕಿಲ್ಲದ, ಬಂದರಿನಿಂದ ದೂರದ ಸಣ್ಣ ಉಕ್ಕಿನ ಕಾರ್ಖಾನೆ ದೊಡ್ಡವುಗಳ ಮುಂದೆ ನಿಲ್ಲಲಾರದು ಎಂದೇ ತೀರ್ಮಾನವಾದರೆ? ಆಗಬಹುದು. ಈ ಸಾಧ್ಯತೆಯನ್ನು ಅಡಗಿಸಿಟ್ಟು ಬರೆಯುವುದು ನನಗೆ ಇಷ್ಟವಿಲ್ಲ. ನೂರು ವರ್ಷದ ಹಿಂದಿನ ಕುಲುಮೆಯನ್ನು ಮತ್ತೆ ಹಾಗೆಯೇ ಉರಿಸಿ ಎಂಬ ಬೇಡಿಕೆ ಭಾವನೆಗೆ ಹಿತ, ಲೆಕ್ಕಕ್ಕೆ ಕಷ್ಟ. ಆದರೆ ಈ ಆಕ್ಷೇಪವೇ ನನ್ನ ಮುಖ್ಯ ಮಾತಿಗೆ ದಾರಿ ಮಾಡುತ್ತದೆ.

ಇಕ್ಕಟ್ಟನ್ನು ಕಂಡುಹಿಡಿಯಲು ಒಂದು ಗಡಿಯಾರ ಸಾಕು. ಯಾವ ಹಂತದಲ್ಲಿ ಎಷ್ಟು ಹೊತ್ತು, ಎಷ್ಟು ಸರಕು ಎಂದು ಅಳೆದರೆ ಮುಗಿಯಿತು. ಕಟ್ಟನ್ನು ಕಂಡುಹಿಡಿಯಲು ಮಾತ್ರ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಗುರಿ ಏನು? ಏನನ್ನು ಮುಟ್ಟಲು ಬಿಡದೆ ಕಟ್ಟಿಹಾಕಿದೆ ಎಂದು ಗೊತ್ತಿಲ್ಲದೆ ಕಟ್ಟಿನ ಮಾತಿಗೆ ಅರ್ಥವಿಲ್ಲ. ಗೋಲ್ಡ್‌ರಾಟ್ ತಮ್ಮ ಪುಸ್ತಕಕ್ಕೆ 'ಗುರಿ' ಎಂದೇ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಅವರ ಕಾರ್ಖಾನೆಯ ಗುರಿ ಹಣ ಗಳಿಸುವುದು, ಅದರಲ್ಲಿ ಅವರಿಗೆ ಸಂಕೋಚವಿಲ್ಲ. ಆದರೆ ಭದ್ರಾವತಿಯ ಕಾರ್ಖಾನೆಯ ಗುರಿ ಏನು? ಸೈಲ್‌ನ ಲೆಕ್ಕಪುಸ್ತಕದಲ್ಲಿ ನಷ್ಟ ತೋರಿಸದಿರುವುದೆ? ದೇಶಕ್ಕೆ ಬೇಕಾದ ವಿಶೇಷ ಉಕ್ಕು ಮಾಡುವುದೆ? ಅದರ ಸುತ್ತ ಬೆಳೆದ ಊರಿಗೆ ದುಡಿಮೆ ಕೊಡುವುದೆ? ಮೊದಲನೆಯದಾದರೆ ಕಟ್ಟು ಒಂದು ಕಡೆ ಸಿಗುತ್ತದೆ, ಎರಡನೆಯದಾದರೆ ಇನ್ನೊಂದು ಕಡೆ. ಮೂರನೆಯದಾದರೆ ಕುಲುಮೆಯ ಮಾತನ್ನೇ ಬಿಟ್ಟು, ಆ ಜಾಗದಲ್ಲಿ, ಆ ಕೈಗಳಿಗೆ, ಏನು ಕೆಲಸ ಎಂದು ಕೇಳಬೇಕಾಗುತ್ತದೆ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಕಬ್ಬಿಣದಿಂದ ಪೈಪಿಗೆ ಹೊರಳಿದ್ದೂ ಇಂಥದೇ ಪ್ರಶ್ನೆಯಿಂದ.

ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು 'ಎರಡೂ ಒಂದೇ' ಎಂಬ ಮಾತು ಬಹಳ ಅನುಕೂಲ. ಇಕ್ಕಟ್ಟಿನ ಭಾಷೆಯಲ್ಲಿ ಮಾತಾಡುವವರು ಗುರಿಯನ್ನು ಆಗಲೇ ಯಾರೋ ಎಲ್ಲೋ ತೀರ್ಮಾನಿಸಿಯಾಗಿದೆ ಎಂದುಕೊಂಡು, ಕೆಳಗಿರುವವರ ಕೈಯ ವೇಗ ಅಳೆಯುತ್ತಾರೆ. ಕಟ್ಟಿನ ಭಾಷೆಯಲ್ಲಿ ಮಾತಾಡುವವರು ಮೇಲಿರುವವರ ತೀರ್ಮಾನವನ್ನೂ ಅಳತೆಗೆ ಒಡ್ಡಬೇಕಾಗುತ್ತದೆ. ಕಾರ್ಯಾಗಾರದಲ್ಲಿ ಯಾವುದು 'ಪ್ರಾಕ್ಟಿಕಲ್' ಎನಿಸಿಕೊಳ್ಳುತ್ತದೆ, ಯಾವುದು ನಗೆಗೆ ಗುರಿಯಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ನನ್ನ ಕತೆಯನ್ನೂ ಹೇಳಿಬಿಡುತ್ತೇನೆ. ಪ್ರಬಂಧ ಮುಂದೆ ಹೋಗುತ್ತಿಲ್ಲವೆಂದು ಎರಡು ವರ್ಷದ ಹಿಂದೆ ಫೆಲೋಶಿಪ್ ಹಣದಲ್ಲಿ ಹೊಸ ಲ್ಯಾಪ್‌ಟಾಪ್ ಕೊಂಡೆ. ಹಳೆಯದು ನಿಧಾನ, ಅದೇ ತೊಂದರೆ ಎಂದು ನಂಬಿದ್ದೆ. ಹೊಸದರಲ್ಲಿ ಫೈಲುಗಳು ಥಟ್ಟನೆ ತೆರೆದುಕೊಂಡವು. ಪ್ರಬಂಧ ಅಲ್ಲೇ ಇತ್ತು. ನಾನು ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇನೆ ಎಂಬುದನ್ನೇ ತೀರ್ಮಾನಿಸಿರಲಿಲ್ಲ. ಅದನ್ನು ಒಪ್ಪಿಕೊಳ್ಳುವುದಕ್ಕಿಂತ ಲ್ಯಾಪ್‌ಟಾಪ್ ಕೊಳ್ಳುವುದು ಸುಲಭವಾಗಿತ್ತು. ಸರ್ಕಾರಗಳ ಬಗ್ಗೆ, ಕಂಪನಿಗಳ ಬಗ್ಗೆ ಹೀಗೆ ಖಡಕ್ಕಾಗಿ ಬರೆಯುವಾಗ ಆ ಲ್ಯಾಪ್‌ಟಾಪ್ ಎದುರಿಗೇ ಇರುತ್ತದೆ.

ಆದ್ದರಿಂದ ನನ್ನ ಬೇಡಿಕೆ ದೊಡ್ಡದೇನಲ್ಲ. ಮುಂದಿನ ಸಲ ಯಾವುದಾದರೂ ವರದಿ 'ಇಲ್ಲಿದೆ ತೊಂದರೆ' ಎಂದು ಬಾಣ ಇಟ್ಟು ತೋರಿಸಿದಾಗ ಎರಡು ಪ್ರಶ್ನೆ ಕೇಳಿ. ಇದನ್ನು ಸರಿಪಡಿಸಿದರೆ ಕೊನೆಯಲ್ಲಿ ಹೊರಬರುವುದು ಒಂದು ಕಿಲೋ ಆದರೂ ಹೆಚ್ಚುತ್ತದೆಯೆ? ಹೆಚ್ಚಬೇಕಾದದ್ದು ಏನು ಎಂದು ತೀರ್ಮಾನಿಸಿದವರು ಯಾರು? ಭದ್ರಾವತಿಯ ಗೇಟಿನ ಮುಂದೆ ಧರಣಿ ಕೂತವರಿಗೆ ಇನ್ನೊಂದು ಭರವಸೆ ಕೊಡುವ ಮೊದಲು, ಅಲ್ಲಿಗೆ ಬರುವ ಪ್ರತಿಯೊಬ್ಬ ಮಂತ್ರಿಯೂ ಈ ಎರಡಕ್ಕೆ ಉತ್ತರ ಹೇಳಲಿ. ಹೇಳಲು ಆಗದಿದ್ದರೆ ಮಷೀನು ಹಳತು, ಕೆಲಸಗಾರ ಸೋಮಾರಿ ಎಂಬ ಮಾತನ್ನಾದರೂ ನಿಲ್ಲಿಸಲಿ.